ಬೆಚ್ಚಗಿರಬೇಕು, ಕಚ್ಚಬಾರದು: ಮಹಿಳೆಯರ ಸ್ಲಿಪ್-ಆನ್ ಚಳಿಗಾಲದ ಶೂಗಳ ದೋಷ ಪತ್ತೆ

ಕಾಲು ತೂರಿಸಿದರೆ ಸಾಕು, ಬಗ್ಗಿ ಕಟ್ಟುವ ಕೆಲಸವಿಲ್ಲ ಎಂಬುದೇ ಸ್ಲಿಪ್-ಆನ್ ಶೂಗಳ ಆಕರ್ಷಣೆ. ಅವುಗಳ ಬಹುತೇಕ ತೊಂದರೆಗಳು ಹುಟ್ಟುವುದೂ ಅಲ್ಲಿಂದಲೇ. ಲೇಸ್ ಇರುವ ಶೂ ಸಡಿಲವೆನಿಸಿದರೆ ಬಿಗಿದುಕೊಳ್ಳಬಹುದು, ಸಂಜೆಯ ಹೊತ್ತಿಗೆ ಪಾದ ಊದಿಕೊಂಡರೆ ಸಡಿಲಿಸಿಕೊಳ್ಳಬಹುದು. ಸ್ಲಿಪ್-ಆನ್‌ನಲ್ಲಿ ಆ ಹೊಂದಾಣಿಕೆಗೆ ಅವಕಾಶವೇ ಇಲ್ಲ. ಕೊಂಡ ದಿನ ಅದರ ಆಕಾರ ಏನಿತ್ತೋ ಅದರೊಳಗೇ ಪಾದ ಬಾಳಬೇಕು. ಚಳಿಗಾಲದ ದಪ್ಪ ಕಾಲುಚೀಲ, ಉಣ್ಣೆಯ ಒಳಪದರ, ಗಟ್ಟಿ ಅಟ್ಟೆ ಇವೂ ಸೇರಿಕೊಂಡಾಗ ಒಪ್ಪುವ ಜೋಡಿಯನ್ನು ಹುಡುಕುವುದು ಇನ್ನಷ್ಟು ಕಷ್ಟ.

ಹಾಗೆಂದು ಇದು ಅದೃಷ್ಟದ ಮಾತಲ್ಲ. ಕಚ್ಚುವ, ಕಳಚಿಕೊಳ್ಳುವ, ಹಾಕಿಕೊಂಡರೂ ಚಳಿ ಬಿಡದ ಶೂಗೆ ಒಂದು ಕಾರಣ ಇದ್ದೇ ಇರುತ್ತದೆ. ಅಳತೆಯ ಟೇಪು, ಒಂದು ಹಾಳೆ ಮತ್ತು ಸ್ವಲ್ಪ ತಾಳ್ಮೆ ಇದ್ದರೆ ಅದನ್ನು ಮನೆಯಲ್ಲೇ ಪತ್ತೆ ಮಾಡಬಹುದು. ಒಂದು ಸಂಗತಿಯನ್ನು ಮಾತ್ರ ಮೊದಲೇ ಗಮನದಲ್ಲಿ ಇಟ್ಟುಕೊಳ್ಳಿ: ಇಂಥ ಶೂಗಳಲ್ಲಿ ನೋವು ಒಂದೆಡೆ, ದೋಷ ಇನ್ನೊಂದೆಡೆ ಇರುವುದೇ ಹೆಚ್ಚು. ಹಿಮ್ಮಡಿ ಉಜ್ಜಿದರೆ ಹಿಮ್ಮಡಿಗೆ ಪ್ಯಾಡ್ ಅಂಟಿಸುವುದು, ಬೆರಳು ಒತ್ತಿದರೆ ಒಂದು ಸೈಜ್ ದೊಡ್ಡದನ್ನು ಕೊಳ್ಳುವುದು ಎಂಬ ಎರಡು ಅವಸರದ ಪರಿಹಾರಗಳು ಬಹಳ ಸಲ ತೊಂದರೆಯನ್ನು ಹೆಚ್ಚಿಸುತ್ತವೆ. ಲೇಸ್ ಇಲ್ಲದ ಶೂವಿನ ಬೀಗ ಇರುವುದು ಪಾದದ ಬೆನ್ನಿನ ಮೇಲೆ, ಅಂದರೆ ಬೆರಳುಗಳ ಬುಡಕ್ಕೂ ಹರಡಿಗೂ ನಡುವಿನ ಉಬ್ಬಿನ ಮೇಲೆ. ಪರೀಕ್ಷೆ ಅಲ್ಲಿಂದಲೇ ಆರಂಭವಾಗಬೇಕು.

ಶೂಗಿಂತ ಮೊದಲು ಪಾದವನ್ನು ಅಳೆಯಿರಿ

ಹಲವು ವರ್ಷಗಳ ಹಿಂದೆ ಯಾರೋ ಹೇಳಿದ ಸೈಜನ್ನೇ ನಂಬಿಕೊಂಡು ಬಂದವರು ಬಹಳ. ಪಾದ ಮಾತ್ರ ಹಾಗೆಯೇ ಉಳಿಯುವುದಿಲ್ಲ. ವಯಸ್ಸಾದಂತೆ ಅದು ಹರಡಿಕೊಳ್ಳುತ್ತದೆ. ಗರ್ಭಧಾರಣೆಯ ಸಮಯದಲ್ಲಿ ಪಾದದ ಕಮಾನು ತಗ್ಗಿ, ಹೆರಿಗೆಯ ನಂತರವೂ ಪಾದ ಸ್ವಲ್ಪ ಉದ್ದವಾಗಿಯೇ ಉಳಿಯುವುದುಂಟು. ಮೈತೂಕದ ಏರಿಳಿತವೂ ಅಳತೆಯನ್ನು ಬದಲಿಸುತ್ತದೆ. ಆದ್ದರಿಂದ ಹೊಸದಾಗಿ ಅಳೆಯಿರಿ. ಸಂಜೆ ಅಳೆಯುವುದು ಒಳ್ಳೆಯದು, ಏಕೆಂದರೆ ದಿನವಿಡೀ ನಿಂತು ನಡೆದ ಪಾದ ಆಗ ತನ್ನ ದೊಡ್ಡ ಗಾತ್ರದಲ್ಲಿರುತ್ತದೆ.

ಗೋಡೆಗೆ ತಾಗಿಸಿ ಹಾಳೆಯೊಂದನ್ನು ಹಾಸಿ, ಹಿಮ್ಮಡಿ ಗೋಡೆಗೆ ಮುಟ್ಟುವಂತೆ ಅದರ ಮೇಲೆ ನಿಲ್ಲಿ. ಕೂತು ಅಳೆದರೆ ಪ್ರಯೋಜನವಿಲ್ಲ. ಮೈಭಾರ ಬಿದ್ದಾಗಲೇ ಪಾದ ಉದ್ದಕ್ಕೂ ಅಗಲಕ್ಕೂ ಚಾಚಿಕೊಳ್ಳುವುದು. ಅತಿ ಉದ್ದದ ಬೆರಳಿನ ತುದಿಯಲ್ಲಿ ಗುರುತು ಹಾಕಿ. ಅದು ಹೆಬ್ಬೆರಳೇ ಆಗಬೇಕೆಂದಿಲ್ಲ, ಎಷ್ಟೋ ಜನರಿಗೆ ಎರಡನೆಯ ಬೆರಳೇ ಉದ್ದ. ನಂತರ ಟೇಪಿನಿಂದ ಎರಡು ಸುತ್ತಳತೆ ತೆಗೆದುಕೊಳ್ಳಿ: ಬೆರಳುಗಳ ಬುಡದ ಅತಿ ಅಗಲವಾದ ಕಡೆ ಒಂದು, ಪಾದದ ಬೆನ್ನಿನ ಅತಿ ಎತ್ತರದ ಕಡೆ ಇನ್ನೊಂದು. ಎರಡೂ ಪಾದಗಳಿಗೆ ಇದನ್ನು ಮಾಡಿ, ದೊಡ್ಡ ಪಾದದ ಅಳತೆಯನ್ನೇ ಆಧಾರವಾಗಿಟ್ಟುಕೊಳ್ಳಿ. ಚಿಕ್ಕ ಪಾದದ ಕಡೆಯ ಸಡಿಲವನ್ನು ತುಂಬಬಹುದು. ದೊಡ್ಡ ಪಾದವನ್ನು ಕುಗ್ಗಿಸಲಾಗದು.

ಶೂವಿನ ಮೇಲಿನ ಸಂಖ್ಯೆಗಳ ಬಗ್ಗೆಯೂ ಒಂದು ಮಾತು. ಯುರೋಪಿನ ಕ್ರಮದಲ್ಲಿ ಒಂದು ಸಂಖ್ಯೆ ಏರಿದರೆ ಉದ್ದ 6.67 ಮಿ.ಮೀ. ಹೆಚ್ಚುತ್ತದೆ. ಬ್ರಿಟನ್ನಿನ ಕ್ರಮದಲ್ಲಿ ಪೂರ್ಣ ಸೈಜಿಗೆ 8.47 ಮಿ.ಮೀ., ಅಂದರೆ ಮೂರನೇ ಒಂದು ಇಂಚು. ಅಮೆರಿಕದ ಮಹಿಳೆಯರ ಸಂಖ್ಯೆಗಳು ಸಾಮಾನ್ಯವಾಗಿ ಬ್ರಿಟನ್ನಿನ ಸಂಖ್ಯೆಗಿಂತ ಎರಡರಷ್ಟು ಮುಂದೆ. ಹೆಜ್ಜೆಗಳೇ ಬೇರೆ ಬೇರೆಯಾಗಿರುವಾಗ ಒಂದು ಕ್ರಮದಿಂದ ಇನ್ನೊಂದಕ್ಕೆ ಕೊಡುವ ಪಟ್ಟಿ ಎಂದೂ ಪೂರ್ತಿ ಹೊಂದಲಾರದು. ಯುರೋಪಿನ 38 ಎಂದರೆ ಶೂ ಕಟ್ಟುವ ಅಚ್ಚಿನ ಉದ್ದ ಸುಮಾರು 253 ಮಿ.ಮೀ.; ಬ್ರಿಟನ್ನಿನ 5 ಎಂದರೆ 254. ಈ ಎರಡು ಹತ್ತಿರ ಬಂದವು, ಅರ್ಧ ಸೈಜುಗಳಲ್ಲಿ ಹೀಗೆ ಬರುವುದಿಲ್ಲ. ಪಾದದ ಉದ್ದವನ್ನೇ ಮಿಲಿಮೀಟರ್‌ಗಳಲ್ಲಿ ಹೇಳುವ ಮಾಂಡೋಪಾಯಿಂಟ್ ಎಂಬ ಕ್ರಮವೊಂದಿದೆ. ಪೆಟ್ಟಿಗೆಯ ಮೇಲೆ 240 ಎಂದಿದ್ದರೆ ಅದು 240 ಮಿ.ಮೀ. ಪಾದಕ್ಕೆ ಎಂದರ್ಥ. ಆ ಸಂಖ್ಯೆ ಕಂಡರೆ ಉಳಿದವನ್ನು ಬಿಟ್ಟು ಅದನ್ನೇ ನಂಬಿ.

ಅಗಲದ ಅಕ್ಷರಗಳಲ್ಲಂತೂ ಇನ್ನೂ ಎಚ್ಚರ ಬೇಕು. ಬ್ರಿಟನ್ನಿನ ಮಹಿಳೆಯರ ಶೂಗಳಲ್ಲಿ ‘ಡಿ’ ಎಂದರೆ ಸಾಧಾರಣ ಅಗಲ. ಅಮೆರಿಕದಲ್ಲಿ ಸಾಧಾರಣವೆಂದರೆ ‘ಬಿ’. ಅಲ್ಲಿ ‘ಡಿ’ ಎಂದರೆ ಅಗಲವಾದದ್ದು. ಒಂದೇ ಅಕ್ಷರ ನೋಡಿ ತರಿಸಿಕೊಂಡ ಶೂ ಒಮ್ಮೆ ಬಿಗಿಯಾಗಿ, ಇನ್ನೊಮ್ಮೆ ಸಡಿಲವಾಗಿ ಬಂದರೆ ಆಶ್ಚರ್ಯವಿಲ್ಲ.

ದಪ್ಪ ಕಾಲುಚೀಲದ ಲೆಕ್ಕ

ಚಳಿಗಾಲಕ್ಕೆ ಒಂದು ಸೈಜ್ ದೊಡ್ಡದು ತೆಗೆದುಕೊಳ್ಳಿ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಲೇಸ್ ಇರುವ ಬೂಟಿನಲ್ಲಿ ಅದು ಹೇಗೋ ನಡೆದುಹೋಗುತ್ತದೆ. ಸ್ಲಿಪ್-ಆನ್‌ಗೆ ಅದು ಸಲ್ಲದು ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣ ಸರಳವಾದ ರೇಖಾಗಣಿತ.

ಪಾದದ ಸುತ್ತ 1 ಮಿ.ಮೀ. ದಪ್ಪದ ಪದರ ಸೇರಿತು ಎಂದುಕೊಳ್ಳಿ. ಉದ್ದದಲ್ಲಿ ಅದು ಬೆರಳ ತುದಿಗೆ 1, ಹಿಮ್ಮಡಿಗೆ 1, ಒಟ್ಟು 2 ಮಿ.ಮೀ. ತೆಗೆದುಕೊಳ್ಳುತ್ತದೆ. ಸುತ್ತಳತೆಯಲ್ಲಿ ತೆಗೆದುಕೊಳ್ಳುವುದು ಸುಮಾರು 6 ಮಿ.ಮೀ., ಏಕೆಂದರೆ ಸುತ್ತಳತೆ ದಪ್ಪದ ಎರಡು ಪೈ ಪಟ್ಟು ಏರುತ್ತದೆ. ಈಗ ಶೂ ತಯಾರಿಕೆಯ ಕಡೆ ನೋಡಿ. ಅಮೆರಿಕದ ಕ್ರಮದಲ್ಲಿ ಒಂದು ಪೂರ್ಣ ಸೈಜ್ ಏರಿಸಿದರೆ ಉದ್ದ 8.47 ಮಿ.ಮೀ. ಹೆಚ್ಚುತ್ತದೆ, ಬೆರಳ ಬುಡದ ಸುತ್ತಳತೆ ಸುಮಾರು 6 ಮಿ.ಮೀ. ಮಾತ್ರ. ಅದೇ ಸೈಜಿನಲ್ಲಿ ಅಗಲವನ್ನು ಒಂದು ಮೆಟ್ಟಿಲು ಏರಿಸಿದರೂ ಸುತ್ತಳತೆ ಅಷ್ಟೇ, ಸುಮಾರು 6 ಮಿ.ಮೀ. ಹೆಚ್ಚುತ್ತದೆ; ಉದ್ದ ಮಾತ್ರ ಹಾಗೆಯೇ ಇರುತ್ತದೆ.

ಅಂದರೆ ದಪ್ಪ ಕಾಲುಚೀಲ ಬಯಸುವುದು ಸುತ್ತಳತೆಯನ್ನು, ಉದ್ದವನ್ನಲ್ಲ. ಸೈಜ್ ಏರಿಸಿದಾಗ ಬೇಕಾದ ಸುತ್ತಳತೆಯ ಜೊತೆಗೆ ಬೇಡದ ಉದ್ದವೂ ಬರುತ್ತದೆ. ಆ ಹೆಚ್ಚುವರಿ ಉದ್ದದೊಳಗೆ ಪಾದ ಹೆಜ್ಜೆಹೆಜ್ಜೆಗೂ ಮುಂದಕ್ಕೆ ಜಾರುತ್ತದೆ, ಹಿಮ್ಮಡಿ ಕಳಚಿಕೊಳ್ಳುತ್ತದೆ. ಅದೇ ಸೈಜಿನ ಅಗಲ ಮಾದರಿ ಸಿಗುವುದಾದರೆ ಮೊದಲು ಅದನ್ನು ಪ್ರಯತ್ನಿಸಿ. ಸಿಗದಿದ್ದರೆ ಅರ್ಧ ಸೈಜ್ ಏರಿಸುವುದು ಗರಿಷ್ಠ ಮಿತಿ ಎಂದು ಇಟ್ಟುಕೊಳ್ಳಿ. ಅಳತೆಗಳನ್ನೂ ಪ್ರಯೋಗಗಳನ್ನೂ ಚಳಿಗಾಲದಲ್ಲಿ ನಿಜವಾಗಿ ಹಾಕಿಕೊಳ್ಳುವ ಕಾಲುಚೀಲದೊಂದಿಗೇ ಮಾಡಿ.

ಹಿಮ್ಮಡಿ ಮೇಲೇಳುತ್ತದೆ, ಉಜ್ಜುತ್ತದೆ

ಅತಿ ಸಾಮಾನ್ಯವಾದ ದೂರು ಇದು. ಹೆಚ್ಚು ತಪ್ಪಾಗಿ ಗ್ರಹಿಸಲಾದ ದೂರೂ ಹೌದು. ಹೊಸ ಶೂನಲ್ಲಿ ಹಿಮ್ಮಡಿ ಅರ್ಧ ಸೆಂಟಿಮೀಟರಿನಷ್ಟು ಮೇಲೇಳುವುದು ದೋಷವಲ್ಲ. ಅಟ್ಟೆ ಇನ್ನೂ ಬಾಗಲು ಕಲಿತಿರುವುದಿಲ್ಲ, ಕೆಲವು ದಿನ ನಡೆದ ಮೇಲೆ ಅದು ಕಡಿಮೆಯಾಗುತ್ತದೆ. ಅದಕ್ಕಿಂತ ಹೆಚ್ಚು ಎದ್ದರೆ ಮಾತ್ರ ಕಾರಣ ಹುಡುಕಬೇಕು.

ಮೊದಲ ಪರೀಕ್ಷೆ ಹೀಗೆ. ಶೂ ಹಾಕಿಕೊಂಡು, ಒಳಗೆ ಎಲ್ಲ ಬೆರಳುಗಳನ್ನೂ ಬೇಕೆಂದೇ ಮೇಲಕ್ಕೆತ್ತಿ ಹಿಡಿದು ಕೆಲವು ಹೆಜ್ಜೆ ನಡೆಯಿರಿ. ಶೂ ಕಾಲಿನಲ್ಲೇ ನಿಂತರೆ ಹಿಡಿತ ಸರಿಯಿದೆ. ಕಳಚಿಕೊಳ್ಳತೊಡಗಿದರೆ, ಈವರೆಗೆ ಶೂ ನಿಮ್ಮನ್ನು ಹಿಡಿದಿರಲಿಲ್ಲ, ನೀವೇ ಬೆರಳುಗಳನ್ನು ಮಡಚಿ ಶೂವನ್ನು ಹಿಡಿದುಕೊಂಡಿದ್ದಿರಿ ಎಂದರ್ಥ. ದಿನದ ಕೊನೆಗೆ ಅಂಗಾಲು ಮತ್ತು ಮೀನಖಂಡ ಕಾರಣವಿಲ್ಲದೆ ಸೋತಂತೆ ಅನಿಸುವುದಕ್ಕೆ ಈ ಹಿಡಿತವೇ ಮೂಲ. ವರ್ಷಗಟ್ಟಲೆ ಹೀಗೆ ನಡೆದರೆ ಬೆರಳುಗಳು ಬಾಗಿಯೇ ಉಳಿಯುವ ಅಪಾಯವಿದೆ. ಹಿಂಬದಿ ತೆರೆದಿರುವ ಶೂಗಳಲ್ಲಿ ಇದು ತಪ್ಪಿದ್ದೇ ಅಲ್ಲ. ಅವು ಮನೆಯೊಳಗಿನ ಓಡಾಟಕ್ಕೆ ಸಾಕು, ದೂರದ ನಡಿಗೆಗೂ ಹಿಮದ ನೆಲಕ್ಕೂ ಬೇಡ.

ಹಿಡಿತವಿಲ್ಲ ಎಂದು ಗೊತ್ತಾದ ಮೇಲೆ ಸಡಿಲ ಎಲ್ಲಿದೆ ಎಂದು ಹುಡುಕಿ. ನಿಂತುಕೊಂಡು ಪಾದದ ಬೆನ್ನಿನ ಮೇಲೆ ಬರುವ ಶೂವಿನ ಹೊದಿಕೆಯನ್ನು ಹೆಬ್ಬೆರಳು, ತೋರುಬೆರಳಿನಿಂದ ಚಿವುಟಿ ನೋಡಿ. ದಪ್ಪನೆಯ ಮಡಿಕೆ ಕೈಗೆ ಬಂದರೆ ಸಡಿಲ ಅಲ್ಲಿಯೇ ಇದೆ. ಆಗ ಪ್ಯಾಡ್ ಅಂಟಿಸಬೇಕಾದ ಜಾಗ ಹಿಮ್ಮಡಿಯಲ್ಲ. ಶೂವಿನ ಮೇಲ್ಭಾಗದ ಒಳಗಡೆ, ಪಾದದ ಬೆನ್ನಿಗೆ ತಾಗುವಲ್ಲಿ. ಅಲ್ಲಿ ಕೂರಿಸಿದ ತೆಳುವಾದ ಫೆಲ್ಟ್ (ಎಳೆಗಳನ್ನು ಒತ್ತಿ ಮಾಡಿದ ಬಟ್ಟೆ) ತುಂಡು ಪಾದವನ್ನು ಹಿಂದಕ್ಕೆ, ಹಿಮ್ಮಡಿಯ ಗೂಡಿನೊಳಕ್ಕೆ ತಳ್ಳುತ್ತದೆ. ಹಿಮ್ಮಡಿಗೆ ಅಂಟಿಸಿದ ಪ್ಯಾಡ್ ಮಾಡುವುದು ಇದಕ್ಕೆ ತದ್ವಿರುದ್ಧ ಕೆಲಸ: ಪಾದವನ್ನು ಮುಂದಕ್ಕೆ ತಳ್ಳಿ ಬೆರಳುಗಳನ್ನು ಇಕ್ಕಟ್ಟಿಗೆ ಸಿಲುಕಿಸುತ್ತದೆ.

ಮೇಲೆ ಮಡಿಕೆ ಬರುವುದಿಲ್ಲ, ಬೆರಳುಗಳ ಮುಂದೆ ಜಾಗವೂ ಸರಿಯಾಗಿದೆ, ಆದರೂ ಹಿಮ್ಮಡಿ ಅಲುಗಾಡುತ್ತದೆ ಎಂದಾದರೆ ಹಿಮ್ಮಡಿಯ ಗೂಡೇ ಅಗಲವಾಗಿದೆ. ಮಹಿಳೆಯರಲ್ಲಿ ಇದು ಹೆಚ್ಚು, ಏಕೆಂದರೆ ಪಾದದ ಮುಂಭಾಗಕ್ಕೆ ಹೋಲಿಸಿದರೆ ಅವರ ಹಿಮ್ಮಡಿ ಸಾಮಾನ್ಯವಾಗಿ ಸಪೂರ. ಪುರುಷರ ಅಚ್ಚನ್ನೇ ಸಣ್ಣದು ಮಾಡಿ ‘ಮಹಿಳೆಯರಿಗೆ’ ಎಂದು ಮಾರುವ ಶೂಗಳು ಹಿಂದುಗಡೆ ಸಡಿಲವಾಗಿಯೇ ಇರುತ್ತವೆ. ಹಿಮ್ಮಡಿಯ ಪ್ಯಾಡ್ ನಿಜವಾಗಿ ಕೆಲಸಕ್ಕೆ ಬರುವುದು ಇಂಥ ಸಂದರ್ಭದಲ್ಲಿ ಮಾತ್ರ, ಅದೂ ನಡುವೆ ಅಲ್ಲದೆ ಎರಡು ಬದಿಗೆ ಅಂಟಿಸಿದಾಗ.

ದಪ್ಪ ಇನ್‌ಸೋಲ್, ಅಂದರೆ ಶೂವಿನೊಳಗೆ ಪಾದದಡಿ ಹಾಸುವ ಪದರ, ಹಾಕುವುದು ಇನ್ನೊಂದು ಜನಪ್ರಿಯ ಉಪಾಯ. ಅದು ಶೂವಿನೊಳಗಿನ ಜಾಗವನ್ನು ತುಂಬುತ್ತದೆ ನಿಜ, ಆದರೆ ಇಡೀ ಪಾದವನ್ನು ಮೇಲೆತ್ತುತ್ತದೆ. ಸ್ಲಿಪ್-ಆನ್‌ಗಳ ಹಿಂಬದಿ ಮೊದಲೇ ತಗ್ಗು. ಹಿಮ್ಮಡಿ 3 ಮಿ.ಮೀ. ಎದ್ದರೂ ಗೂಡಿನಿಂದ ಹೊರಬೀಳುವ ಅಂಚಿಗೆ ಬಂದುಬಿಡುತ್ತದೆ. ಮುಂದಿನ ಅರ್ಧಭಾಗಕ್ಕೆ ಮಾತ್ರ ಬರುವ ಇನ್‌ಸೋಲ್ ಈ ಕೆಲಸಕ್ಕೆ ಮೇಲು.

ಮನೆಯೊಳಗೆ ಚೆನ್ನಾಗಿಯೇ ಇದ್ದು, ಹೊರಗೆ ಚಳಿಯಲ್ಲಿ ನಡೆದಾಗ ಮಾತ್ರ ಹಿಮ್ಮಡಿ ಏಳುತ್ತದೆಯೇ? ಹಾಗಿದ್ದರೆ ಅಳತೆಯ ತಪ್ಪಲ್ಲ, ಅಟ್ಟೆಯ ವಸ್ತುವಿನ ತಪ್ಪು. ಪಿವಿಸಿಯಂಥ ಪ್ಲಾಸ್ಟಿಕ್ ಅಟ್ಟೆಗಳು ಶೀತದಲ್ಲಿ ಗಡುಸಾಗುತ್ತವೆ. ಪಾದ ಬಾಗುತ್ತದೆ, ಅಟ್ಟೆ ಬಾಗುವುದಿಲ್ಲ, ಹಿಮ್ಮಡಿ ಹೊರಗೆ ಬರುತ್ತದೆ. ಶೂವನ್ನು ಚೀಲದಲ್ಲಿ ಸುತ್ತಿ ಒಂದೆರಡು ಗಂಟೆ ಫ್ರಿಜ್‌ನಲ್ಲಿಟ್ಟು ತೆಗೆದು, ಕೈಯಿಂದ ಬಾಗಿಸಿ ನೋಡಿ. ಫ್ರಿಜ್‌ನಲ್ಲಿಡುವ ಮೊದಲಿನಷ್ಟೇ ಸುಲಭವಾಗಿ ಬಾಗಿದರೆ ಅಟ್ಟೆ ನಿರಪರಾಧಿ. ಬಾಗುವ ಗೆರೆ ಎಲ್ಲಿದೆ ಎಂಬುದನ್ನೂ ಆಗಲೇ ಗಮನಿಸಿ. ಅದು ನಿಮ್ಮ ಬೆರಳುಗಳ ಬುಡಕ್ಕೆ ನೇರವಾಗಿರಬೇಕು. ಶೂ ನಟ್ಟನಡುವೆ ಬಾಗಿದರೆ, ಅಥವಾ ಗೆರೆ ಬೆರಳುಗಳ ಕಡೆಗೆ ಸರಿದಿದ್ದರೆ ಆ ಅಚ್ಚು ನಿಮ್ಮ ಪಾದದ್ದಲ್ಲ. ಅದಕ್ಕೆ ಯಾವ ಪ್ಯಾಡೂ ಮದ್ದಲ್ಲ.

ಬೆರಳುಗಳು ಮುಂದೆ ಬಡಿಯುತ್ತವೆ

ಸಮತಟ್ಟು ನೆಲದಲ್ಲಿ ಬಡಿಯುತ್ತಿದ್ದರೆ ಶೂ ಗಿಡ್ಡ. ಇಳಿಜಾರಿನಲ್ಲಿ ಅಥವಾ ಮೆಟ್ಟಿಲು ಇಳಿಯುವಾಗ ಮಾತ್ರ ಬಡಿಯುತ್ತಿದ್ದರೆ ಉದ್ದ ಸಾಕಷ್ಟಿದೆ, ಪಾದದ ಬೆನ್ನಿನ ಹಿಡಿತವಿಲ್ಲ. ಈ ಎರಡನ್ನು ಬೇರ್ಪಡಿಸಿ ನೋಡದೆ ದೊಡ್ಡ ಸೈಜ್ ಕೊಳ್ಳುವವರೇ ಹೆಚ್ಚು.

ಗಿಡ್ಡವೋ ಅಲ್ಲವೋ ಎಂದು ತಿಳಿಯಲು ಇನ್‌ಸೋಲನ್ನು ಹೊರತೆಗೆದು, ಹಿಮ್ಮಡಿ ಸರಿಹೊಂದಿಸಿ ಅದರ ಮೇಲೆ ನಿಲ್ಲಿ. ಅತಿ ಉದ್ದದ ಬೆರಳಿನ ಮುಂದೆ 10ರಿಂದ 12 ಮಿ.ಮೀ. ಖಾಲಿ ಇರಬೇಕು. ಬದಿಗಳಲ್ಲಿ ಪಾದ ಇನ್‌ಸೋಲಿನಿಂದ ಹೊರಚಾಚಬಾರದು. ಇನ್‌ಸೋಲ್ ಹೊರಬರದ ಶೂ ಆದರೆ, ಪಾದದ ಉದ್ದಕ್ಕೆ 10 ಮಿ.ಮೀ. ಸೇರಿಸಿ ಸಪೂರ ರಟ್ಟಿನ ಪಟ್ಟಿಯೊಂದನ್ನು ಕತ್ತರಿಸಿ ಶೂವಿನೊಳಗೆ ಮಲಗಿಸಿ. ಅದು ಬಾಗದೆ ಕೂತರೆ ಉದ್ದ ಸಾಕು. ಉಗುರು ಕಪ್ಪಾಗುವುದು, ಬೆರಳ ತುದಿಯಲ್ಲಿ ಆಣಿ ಕಟ್ಟುವುದು ಗಿಡ್ಡತನದ ಹಳೆಯ ಸಾಕ್ಷಿಗಳು. ಶೂವಿನ ಚರ್ಮ ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದಿಲ್ಲ. ಆದ್ದರಿಂದ ‘ಹಾಕ್ತಾ ಹಾಕ್ತಾ ಸರಿಹೋಗುತ್ತೆ’ ಎಂದು ಮಾರುವವರು ಹೇಳಿದರೂ ಗಿಡ್ಡವಾದ ಶೂವನ್ನು ಇಟ್ಟುಕೊಳ್ಳಬೇಡಿ.

ಮೇಲೆ ಅಥವಾ ಬದಿಗೆ ಒತ್ತುತ್ತದೆ

ಕಾಲು ಒಳಗೆ ಹೋಗುವುದೇ ಕಷ್ಟ, ಹೋದ ಮೇಲೆ ಮೇಲಂಚು ಗೆರೆ ಮೂಡುವಂತೆ ಕೊರೆಯುತ್ತದೆ ಎಂದಾದರೆ ನಿಮ್ಮದು ಎತ್ತರದ ಕಮಾನಿನ ಪಾದ. ನಿಮಗೆ ಬೇಕಾದದ್ದು ಎರಡು ಬದಿಯಲ್ಲಿ ಅಗಲವಾದ ಎಲಾಸ್ಟಿಕ್ ಇರುವ ಮಾದರಿ. ಎಲಾಸ್ಟಿಕ್ ಅಲಂಕಾರಕ್ಕೆ ಹೊಲಿದದ್ದೋ, ನಿಜವಾಗಿ ಹಿಗ್ಗುವಂಥದ್ದೋ ಎಂದು ಒಳಗೆ ಕೈ ಹಾಕಿ ಎಳೆದು ನೋಡಿ. ಎಷ್ಟೋ ಶೂಗಳಲ್ಲಿ ಹೊರಗೆ ಎಲಾಸ್ಟಿಕ್ ಇದ್ದು, ಒಳಪದರ ಹಿಗ್ಗದ ಬಟ್ಟೆಯದಾಗಿರುತ್ತದೆ. ನೋಡುವುದಕ್ಕೆ ಚೆಂದ, ಪಾದಕ್ಕೆ ಉಪಯೋಗ ಸೊನ್ನೆ.

ಕಿರುಬೆರಳ ಬುಡ ಅಥವಾ ಹೆಬ್ಬೆರಳ ಬುಡದ ಗಂಟು ಒತ್ತುತ್ತಿದ್ದರೆ, ಆ ಒಂದು ಜಾಗವನ್ನು ಮಾತ್ರ ಹಿಗ್ಗಿಸಿಕೊಳ್ಳಬಹುದು. ಕಾಲುಚೀಲದ ಮೇಲೆ ಒತ್ತುವ ಜಾಗಕ್ಕೆ ಲಿಪ್‌ಸ್ಟಿಕ್ ಅಥವಾ ಸೀಮೆಸುಣ್ಣ ಬಳಿದು ಶೂ ಹಾಕಿ ಕಳಚಿದರೆ ಒಳಗೆ ಗುರುತು ಮೂಡುತ್ತದೆ. ಶೂ ದುರಸ್ತಿ ಮಾಡುವವರಿಗೆ ಆ ಗುರುತು ತೋರಿಸಿದರೆ ಸಾಕು. ಚರ್ಮಕ್ಕೂ ಸ್ವೀಡ್‌ಗೂ ಇದು ನಡೆಯುತ್ತದೆ. ರೆಕ್ಸಿನ್‌ನಂಥ ಕೃತಕ ಹೊದಿಕೆ ಹಿಗ್ಗಿದರೂ ಮತ್ತೆ ಹಿಂದಿನ ಆಕಾರಕ್ಕೇ ಮರಳುತ್ತದೆ. ನೀರು ಒಳಬಿಡದ ತೆಳುಪೊರೆ ಇರುವ ಶೂವನ್ನು ಹಿಗ್ಗಿಸಲು ಹೋಗಬೇಡಿ. ಪೊರೆ ಅಥವಾ ಹೊಲಿಗೆಯ ಮೇಲಿನ ಪಟ್ಟಿ ಹರಿದರೆ ಅದು ಮತ್ತೆಂದೂ ನೀರು ತಡೆಯುವುದಿಲ್ಲ.

ಬೆಚ್ಚನೆಯ ಶೂ, ಆದರೂ ಪಾದ ತಣ್ಣಗೆ

ಇಲ್ಲಿ ಜನ ಮೊದಲು ಮಾಡುವುದು ಇನ್ನೊಂದು ಕಾಲುಚೀಲ ಸೇರಿಸುವುದು. ಮೊದಲು ಮಾಡಬಾರದ್ದೂ ಅದೇ.

ಉಣ್ಣೆ ತಾನಾಗಿ ಬಿಸಿ ಕೊಡುವುದಿಲ್ಲ. ಅದರ ಎಳೆಗಳ ನಡುವೆ ನಿಂತ ಗಾಳಿಯೇ ಶಾಖವನ್ನು ಹಿಡಿದಿಡುವುದು. ಬಿಗಿಯಾದ ಶೂಗೆ ಎರಡನೆಯ ಕಾಲುಚೀಲ ತುರುಕಿದರೆ ಎರಡು ನಷ್ಟ: ಒತ್ತಿಹೋದ ಉಣ್ಣೆಯಲ್ಲಿ ಗಾಳಿ ಉಳಿಯುವುದಿಲ್ಲ, ಒತ್ತಿಹೋದ ಪಾದದಲ್ಲಿ ರಕ್ತ ಸರಾಗವಾಗಿ ಹರಿಯುವುದಿಲ್ಲ. ಬೆರಳುಗಳನ್ನು ಒಳಗೆ ಕುಣಿಸಲು ಸಾಧ್ಯವೇ ನೋಡಿ. ಸಾಧ್ಯವಿಲ್ಲದಿದ್ದರೆ ಕಾಲುಚೀಲವನ್ನು ತೆಳುವಾಗಿಸಿ. ತೆಳು ಕಾಲುಚೀಲದಲ್ಲಿ ಪಾದ ಹೆಚ್ಚು ಬೆಚ್ಚಗಾಗುವುದು ಅನೇಕರಿಗೆ ನಂಬಲಾಗದ ಅನುಭವ.

ಬೆರಳುಗಳು ಸಲೀಸಾಗಿ ಆಡುತ್ತಿದ್ದರೂ ತಣ್ಣಗಿದ್ದರೆ, ಚಳಿ ಯಾವ ದಾರಿಯಿಂದ ಬರುತ್ತಿದೆ ಎಂದು ಹುಡುಕಿ. ನಡೆಯುವಾಗ ಸರಿಯಿದ್ದು, ನಿಂತಾಗ ಅಂಗಾಲಿನಿಂದ ಚಳಿ ಏರಿದರೆ ದಾರಿ ಅಟ್ಟೆ. ತೆಳುವಾದ, ಗಟ್ಟಿ ರಬ್ಬರಿನ ಅಟ್ಟೆ ಪಾದದ ಶಾಖವನ್ನು ನೆಲಕ್ಕೆ ಸಾಗಿಸಿಬಿಡುತ್ತದೆ. ಇರುವ ಇನ್‌ಸೋಲನ್ನು ತೆಗೆದು ಅಷ್ಟೇ ದಪ್ಪದ ಉಣ್ಣೆಯ ಫೆಲ್ಟ್ ಇನ್‌ಸೋಲ್ ಹಾಕಿ. ಒಂದರ ಮೇಲೊಂದು ಹಾಕಿದರೆ ಮತ್ತೆ ಹಿಮ್ಮಡಿಯ ತೊಂದರೆ ಶುರು. ನಡೆಯುವಾಗಲೇ ಹರಡಿನ ಸುತ್ತ ತಣ್ಣನೆಯ ಗಾಳಿ ಸುಳಿದಂತಾದರೆ ದಾರಿ ಶೂವಿನ ಬಾಯಿ. ಹಿಮ್ಮಡಿ ಎದ್ದಾಗಲೆಲ್ಲ ಒಳಗಿನ ಬೆಚ್ಚನೆಯ ಗಾಳಿ ಹೊರಗೆ ಹೋಗಿ, ತಣ್ಣನೆಯ ಗಾಳಿ ಒಳಗೆ ಬರುತ್ತದೆ. ಅಂದರೆ ಚಳಿಯ ದೂರಿನ ಮೂಲವೂ ಪಾದದ ಬೆನ್ನಿನ ಹಿಡಿತದಲ್ಲೇ ಇದೆ. ಅದನ್ನು ಸರಿಪಡಿಸಿ, ಹರಡನ್ನು ಮುಚ್ಚುವಷ್ಟು ಎತ್ತರದ ಕಾಲುಚೀಲ ಹಾಕಿಕೊಳ್ಳಿ.

ಮೂರನೆಯ ದಾರಿ ತೇವ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಶಾಖವನ್ನು ಸಾಗಿಸುತ್ತದೆ, ಆದ್ದರಿಂದ ಒದ್ದೆಯಾದ ಕಾಲುಚೀಲ ಎಷ್ಟು ದಪ್ಪವಿದ್ದರೂ ಕೆಲಸಕ್ಕೆ ಬಾರದು. ಒದ್ದೆ ಹೊರಗಿನದೋ ಬೆವರಿನದೋ? ಶೂವಿನೊಳಗೆ ಒಣಗಿದ ಟಿಶ್ಯೂ ಕಾಗದ ತುಂಬಿ, ಬಾಯಂಚು ಮುಳುಗದಷ್ಟು ನೀರಿರುವ ಬೋಗುಣಿಯಲ್ಲಿ ಹದಿನೈದು ನಿಮಿಷ ನಿಲ್ಲಿಸಿ. ಕಾಗದ ಒದ್ದೆಯಾದ ಜಾಗವೇ ಸೋರುವ ಜಾಗ, ಹೆಚ್ಚಾಗಿ ಅದು ಅಟ್ಟೆ ಮತ್ತು ಮೇಲ್ಭಾಗ ಕೂಡುವ ಅಂಚಾಗಿರುತ್ತದೆ. ಕಾಗದ ಒಣಗಿಯೇ ಇದ್ದರೆ ಒದ್ದೆ ನಿಮ್ಮ ಬೆವರಿನದು. ಹತ್ತಿಯ ಕಾಲುಚೀಲವನ್ನು ಬಿಟ್ಟು ಉಣ್ಣೆಯದನ್ನು ಹಾಕಿ, ಬೆಚ್ಚನೆಯ ಕೋಣೆಯೊಳಗೆ ಬಂದ ಕೂಡಲೇ ಶೂ ಕಳಚಿ, ಒಂದೇ ಜೋಡಿಯನ್ನು ದಿನವೂ ಹಾಕದೆ ನಡುವೆ ಒಂದು ದಿನ ಒಣಗಲು ಬಿಡಿ. ಒಣಗಿಸುವಾಗ ಇನ್‌ಸೋಲ್ ಹೊರತೆಗೆದು, ಒಳಗೆ ಪತ್ರಿಕೆಯ ಕಾಗದ ತುಂಬಿ. ಹೀಟರಿನ ಮುಂದೆ ಇಟ್ಟರೆ ಚರ್ಮ ಬಿರಿಯುತ್ತದೆ, ಅಂಟು ಬಿಡುತ್ತದೆ.

ಇವು ಯಾವುವೂ ಅಲ್ಲದಿದ್ದರೆ ಮೈಮೇಲಿನ ಬಟ್ಟೆಯನ್ನು ನೋಡಿಕೊಳ್ಳಿ. ಎದೆ ಹೊಟ್ಟೆಗಳು ತಣ್ಣಗಾದಾಗ ದೇಹ ಅಲ್ಲಿಯ ಶಾಖ ಉಳಿಸಲು ಕೈಕಾಲುಗಳ ರಕ್ತನಾಳಗಳನ್ನು ಕಿರಿದಾಗಿಸುತ್ತದೆ. ಕೆಲವೊಮ್ಮೆ ಪಾದಕ್ಕೆ ಬೇಕಾದದ್ದು ಒಂದು ಒಳ್ಳೆಯ ಸ್ವೆಟರ್.

ಮೊದಲು ಸರಿಯಿತ್ತು, ಈಗ ಸಡಿಲ

ಒಳಪದರ ಕುಗ್ಗಿದೆ. ಕುರಿಯ ಉಣ್ಣೆಯಾಗಲಿ, ಕೃತಕ ಫ್ಲೀಸ್ ಆಗಲಿ ಕೆಲವು ವಾರಗಳಲ್ಲಿ ಪಾದದ ಆಕಾರಕ್ಕೆ ಒತ್ತಿಹೋಗುತ್ತದೆ. ಮೇಲಿನ ಲೆಕ್ಕವನ್ನೇ ತಿರುಗಿಸಿ ನೋಡಿ: ಪದರ 1 ಮಿ.ಮೀ. ಕುಗ್ಗಿದರೆ ಸುತ್ತಳತೆ 6 ಮಿ.ಮೀ. ಸಡಿಲವಾಯಿತು, ಅಂದರೆ ಸುತ್ತಳತೆಯ ಮಟ್ಟಿಗೆ ಒಂದು ಪೂರ್ಣ ಸೈಜ್ ದೊಡ್ಡದಾಯಿತು. ಆದ್ದರಿಂದ ದಪ್ಪ ಉಣ್ಣೆಯ ಒಳಪದರವಿರುವ ಶೂ ಕೊಳ್ಳುವ ದಿನ ಎಲ್ಲ ಕಡೆಯಿಂದ ಮೆತ್ತಗೆ ಅಪ್ಪಿಕೊಂಡಂತೆ, ಸ್ವಲ್ಪ ಬಿಗಿಯಾಗಿಯೇ ಇರಬೇಕು. ಬೆರಳುಗಳು ಮುಂದೆ ತಾಗಬಾರದು ಅಷ್ಟೇ. ಮೊದಲ ದಿನವೇ ಹಾಯಾಗಿದ್ದದ್ದು ಚಳಿ ಮುಗಿಯುವ ಮೊದಲೇ ಜೋಲುತ್ತದೆ. ಒಳಪದರವಿಲ್ಲದ ಚರ್ಮದ ಶೂಗೂ ಈ ಮಾತು ಸ್ವಲ್ಪ ಮಟ್ಟಿಗೆ ಸಲ್ಲುತ್ತದೆ. ನಿಯೋಪ್ರೀನ್ ಎಂಬ ಕೃತಕ ರಬ್ಬರಿಗೂ ಇತರ ಕೃತಕ ಹೊದಿಕೆಗೂ ಸಲ್ಲದು, ಅವು ಮೊದಲ ದಿನವೇ ಸರಿಯಾಗಿರಬೇಕು.

ಬದಿಯ ಎಲಾಸ್ಟಿಕ್ ಅಲೆಅಲೆಯಾಗಿ ನಿಂತು, ಎಳೆದು ಬಿಟ್ಟಾಗ ಹಿಂದಕ್ಕೆ ಬರದಿದ್ದರೆ ಅದು ಸತ್ತಿದೆ. ಹೊಲಿದು ಕೂರಿಸಿದ್ದಾದರೆ ಹೊಸದನ್ನು ಹಾಕಿಸಬಹುದು. ಹಿಮ್ಮಡಿಯ ಗೂಡು ಮಡಚಿಹೋಗಿದ್ದರೆ ಕಾರಣ, ಅದನ್ನು ತುಳಿದುಕೊಂಡು ಕಾಲು ತೂರಿಸುವ ಅಭ್ಯಾಸ. ತುಳಿದರೂ ಪುಟಿದೇಳುವಂತೆ ಮಾಡಿದ ಮಾದರಿಗಳು ಬೇರೆ. ಉಳಿದವಕ್ಕೆಲ್ಲ ಶೂ ಹಾರ್ನ್ ಬಳಸಿ.

ಹಳೆಯ ಜೋಡಿಯೊಂದನ್ನು ಪೆಟ್ಟಿಗೆಯಿಂದ ತೆಗೆದು ಹಾಕಿಕೊಂಡ ಕೂಡಲೇ ಅಟ್ಟೆ ಪುಡಿಪುಡಿಯಾಗಿ ಉದುರಿದರೆ ಗಾಬರಿಯಾಗಬೇಡಿ. ಅಟ್ಟೆಗೆ ಬಳಸುವ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಗಾಳಿಯ ತೇವಾಂಶದೊಂದಿಗೆ ವರ್ತಿಸಿ, ಬಳಸದೆ ಇಟ್ಟಿದ್ದರೂ ವರ್ಷಗಳಲ್ಲಿ ಶಿಥಿಲವಾಗುತ್ತದೆ. ಅಂಟಿಸಿ ಉಳಿಸಲು ಹೊರಡುವುದು ವ್ಯರ್ಥ.

ಜಾರುತ್ತದೆ

ಒದ್ದೆ ಟೈಲ್ಸ್ ಮೇಲೆ ಜಾರಿದರೆ ಅಟ್ಟೆ ಗಡುಸಾಗಿದೆ ಅಥವಾ ಸವೆದಿದೆ. ಉಗುರಿನಿಂದ ಒತ್ತಿ ನೋಡಿ, ಮೆತ್ತನೆಯ ರಬ್ಬರ್ ತುಸು ತಗ್ಗುತ್ತದೆ. ಮೃದುವಾದ ಹಿಮಕ್ಕೆ ಆಳವಾದ ಗೀರುಗಳು ಬೇಕು. ಒದ್ದೆ ಮಂಜುಗಡ್ಡೆಯ ಮೇಲೆ ಮಾತ್ರ ಯಾವ ಸಾದಾ ಅಟ್ಟೆಯನ್ನೂ ಪೂರ್ತಿ ನಂಬಬೇಡಿ, ಲೋಹದ ಮುಳ್ಳುಗಳಿರುವ ತೆಗೆದಿಡಬಹುದಾದ ಪಟ್ಟಿಯನ್ನು ಸಿಕ್ಕಿಸಿಕೊಳ್ಳಿ. ಶೂವಿನೊಳಗೆ ಪಾದವೇ ಜಾರುತ್ತಿದ್ದರೆ ಅಟ್ಟೆ ಎಷ್ಟು ಚೆನ್ನಾಗಿದ್ದರೂ ನೆಲದ ಮೇಲೆ ಹಿಡಿತ ಸಿಗುವುದಿಲ್ಲ.

ದೋಷ ಶೂನಲ್ಲಿ ಇಲ್ಲದಾಗ

ಬೆಳಿಗ್ಗೆ ಎದ್ದು ಇಡುವ ಮೊದಲ ಹೆಜ್ಜೆಗಳಲ್ಲೇ ಹಿಮ್ಮಡಿ ಚುಚ್ಚಿದರೆ, ಮೂರನೆಯ ಮತ್ತು ನಾಲ್ಕನೆಯ ಬೆರಳುಗಳ ನಡುವೆ ಜೋಮು ಅಥವಾ ಉರಿ ಮತ್ತೆ ಮತ್ತೆ ಬಂದರೆ, ಚಳಿಯಲ್ಲಿ ಬೆರಳುಗಳು ಬೆಳ್ಳಗಾಗಿ ನೀಲಿಗಟ್ಟಿದರೆ, ಚಳಿಯಿಂದ ಬಂದ ಮೇಲೆ ಕೆಂಪು ತುರಿಕೆಯ ಗುಳ್ಳೆಗಳೆದ್ದರೆ ಶೂ ಬದಲಿಸುತ್ತಾ ಕೂರಬೇಡಿ, ವೈದ್ಯರನ್ನು ಕಾಣಿ. ಮಧುಮೇಹ ಇರುವವರಿಗೆ ಇದನ್ನು ವಿಶೇಷವಾಗಿ ಹೇಳಬೇಕು. ನರಗಳ ಸಂವೇದನೆ ಕುಗ್ಗಿದ್ದರೆ ಶೂ ಕಚ್ಚಿದ್ದು ತಿಳಿಯುವುದೇ ಇಲ್ಲ, ಪಾದ ತಣ್ಣಗಿದೆಯೋ ಬಿಸಿಯಿದೆಯೋ ಅದೂ ತಿಳಿಯದು. ಆದ್ದರಿಂದ ‘ಹಾಯಾಗಿದೆ’ ಎಂಬ ಅನಿಸಿಕೆಯನ್ನು ನಂಬದೆ ಅಳತೆಯನ್ನು ನಂಬಿ, ಪ್ರತಿ ರಾತ್ರಿ ಅಂಗಾಲು ಮತ್ತು ಬೆರಳ ಸಂದುಗಳನ್ನು ಕಣ್ಣಿನಿಂದ ನೋಡಿ. ವೈದ್ಯರು ಕೊಟ್ಟ ವಿಶೇಷ ಇನ್‌ಸೋಲ್ ಬಳಸುವವರು, ಮೂಲ ಇನ್‌ಸೋಲ್ ಹೊರಬರುವ ಆಳವಾದ ಶೂಗಳನ್ನೇ ಹುಡುಕಬೇಕು.

ಇಟ್ಟುಕೊಳ್ಳುವುದೋ, ಹಿಂದಿರುಗಿಸುವುದೋ

ಪಾದದ ಬೆನ್ನಿನ ಸಡಿಲ, ಹಿಮ್ಮಡಿಯ ಅಗಲ, ಒಂದು ಗಂಟಿನ ಒತ್ತಡ, ಅಟ್ಟೆಯಿಂದ ಏರುವ ಚಳಿ ಇವು ಸರಿಪಡಿಸಬಹುದಾದವು. ಗಿಡ್ಡತನ, ತಪ್ಪಾದ ಬಾಗುಗೆರೆ, ಶೀತದಲ್ಲಿ ಗಡುಸಾಗುವ ಅಟ್ಟೆ ಇವಕ್ಕೆ ದುರಸ್ತಿಯಿಲ್ಲ. ಹೊಸ ಜೋಡಿ ಬಂದಾಗ ಚೀಟಿ ಕೀಳದೆ, ಸಂಜೆ, ಚಳಿಗಾಲದ ಕಾಲುಚೀಲದೊಂದಿಗೆ ಶುಚಿಯಾದ ನೆಲದ ಮೇಲೆ ಹಾಕಿ ಓಡಾಡಿ. ಬೆರಳು ಎತ್ತಿ ನಡೆಯುವುದು, ಮೆಟ್ಟಿಲು ಹತ್ತಿ ಇಳಿಯುವುದು, ಒಂದು ಕಡೆ ಸುಮ್ಮನೆ ನಿಲ್ಲುವುದು ಎಲ್ಲವೂ ಆಗಲಿ. ಅರ್ಧ ಗಂಟೆಯ ನಂತರ ಶೂ, ಕಾಲುಚೀಲ ಎರಡನ್ನೂ ಕಳಚಿ ಪಾದವನ್ನು ಬೆಳಕಿನಲ್ಲಿ ನೋಡಿ. ಪಾದದ ಬೆನ್ನಿನ ಮೇಲೆ ಹರಡಿದ ತಿಳಿ ಗುರುತು ಇದ್ದರೆ ಅದು ಒಳ್ಳೆಯ ಹಿಡಿತದ ಲಕ್ಷಣ. ಹಿಮ್ಮಡಿಯಲ್ಲೋ ಬೆರಳಿನ ಮೇಲೋ ಮೊನಚಾದ ಕೆಂಪು ಗುರುತು ಮೂಡಿ, ಇನ್ನರ್ಧ ಗಂಟೆಯಲ್ಲಿ ಅದು ಮಾಸದಿದ್ದರೆ ಆ ಜೋಡಿಯನ್ನು ಪೆಟ್ಟಿಗೆಗೆ ತುಂಬಿ ಹಿಂದಿರುಗಿಸಿ.